ಗ್ನು ವಿರುದ್ಧ ನನ್ನ ಹೆಂಡತಿ

ನಮ್ಮದು ಜಾತಕ ಕೂಡಿಸಿ ಮಾಡಿದ ಮದುವೆ. ಗೋತ್ರ ಬೇರೆ, ನಕ್ಷತ್ರ ಹೊಂದಾಣಿಕೆ, ಇಬ್ಬರೂ ಸಾಫ್ಟ್‌ವೇರು, ಇಬ್ಬರಿಗೂ ಬೆಂಗಳೂರೇ. ಹಿರಿಯರು ನೆಮ್ಮದಿಯಿಂದ ತಾಂಬೂಲ ಬದಲಾಯಿಸಿಕೊಂಡರು. ಜೋಯಿಸರು ನೋಡದೆ ಬಿಟ್ಟ ಮನೆ ಒಂದೇ ಒಂದು: ಹುಡುಗ ಈಮ್ಯಾಕ್ಸ್, ಹುಡುಗಿ ವಿಮ್.

ಇವೆರಡೂ ಪ್ರೋಗ್ರಾಂ ಬರೆಯುವವರು ಬಳಸುವ ಎಡಿಟರುಗಳು. ಎರಡರ ವಂಶಾವಳಿಯೂ 1976ಕ್ಕೇ ಹೋಗಿ ನಿಲ್ಲುತ್ತದೆ. ಈಮ್ಯಾಕ್ಸ್ ವಂಶದ ಮೂಲಪುರುಷ ಎಂಐಟಿಯ ರಿಚರ್ಡ್ ಸ್ಟಾಲ್ಮನ್. ವಿಮ್‌ನ ಪೂರ್ವಜ ವಿಐ. ಅದನ್ನು ಬರೆದವರು ಬರ್ಕ್ಲಿಯ ಬಿಲ್ ಜಾಯ್. ಅಂದಿನಿಂದ ಇಂದಿನವರೆಗೆ ಈ ಎರಡು ಮನೆತನಗಳ ನಡುವೆ ಕೊಡುಕೊಳ್ಳುವಿಕೆ ಇಲ್ಲ. ಆಗಿರುವ ಒಂದು ಸಂಬಂಧ ನಮ್ಮದು.

ಈಮ್ಯಾಕ್ಸ್ ಬರೀ ಎಡಿಟರ್ ಅಲ್ಲ ಎಂಬುದು ನನ್ನ ಸಿದ್ಧಾಂತ. ಅದರೊಳಗೆ ಮೇಲ್ ಓದಬಹುದು, ಟೆಟ್ರಿಸ್ ಆಡಬಹುದು, ಮನಸ್ಸು ಕೆಟ್ಟರೆ ಅದರಲ್ಲೇ ಕೂತಿರುವ ಮನೋವೈದ್ಯನ ಹತ್ತಿರ ಹೇಳಿಕೊಳ್ಳಬಹುದು. ಹಾಲಿನ ಲೆಕ್ಕ, ಗ್ಯಾಸ್ ಬುಕ್ ಮಾಡಿದ ತಾರೀಖು, ಪುಟ್ಟನ ಸ್ಕೂಲ್ ಫೀಸು, ಅತ್ತೆಯವರು ಕಳಿಸಿದ ಉಪ್ಪಿನಕಾಯಿ ಎಷ್ಟು ಉಳಿದಿದೆ, ಎಲ್ಲವನ್ನೂ ನಾನು ಅದರ ಆರ್ಗ್ ಮೋಡ್‌ನಲ್ಲಿ ಕವಲುಕವಲಾಗಿ ಬರೆದಿಟ್ಟಿದ್ದೇನೆ. ತಿಂಗಳ ಕೊನೆಗೆ ಹಾಲಿನವನು ಬಂದಾಗ ನಾನು ಲ್ಯಾಪ್‌ಟಾಪ್ ತೆರೆದು, ಕಂಟ್ರೋಲ್ ಒತ್ತಿ, ಮೆಟಾ ಒತ್ತಿ, ಆ ಕವಲನ್ನು ಹುಡುಕುವಷ್ಟರಲ್ಲಿ ಇವಳು ಗೋಡೆಯ ಕ್ಯಾಲೆಂಡರ್ ನೋಡಿ ದುಡ್ಡು ಎಣಿಸಿ ಕೊಟ್ಟು ಬಾಗಿಲು ಹಾಕಿರುತ್ತಾಳೆ. ಎಂಬತ್ತರ ದಶಕದಲ್ಲಿ ಜನ ಈಮ್ಯಾಕ್ಸನ್ನು ಎಂಟು ಮೆಗಾಬೈಟ್ ಮೆಮೊರಿ ನುಂಗಿಯೂ ಏದುಸಿರು ಬಿಡುವ ಪ್ರಾಣಿ ಎಂದು ಗೇಲಿ ಮಾಡುತ್ತಿದ್ದರು. ಕ್ಯಾಲೆಂಡರಿಗೆ ಅದೂ ಬೇಡ ಎನ್ನುವುದು ಇವಳ ವಾದ. ವಿಮ್ ಬರೆದ ಬ್ರಾಮ್ ಮೂಲೆನಾರ್, ಬಳಸುವವರು ಉಗಾಂಡದ ಮಕ್ಕಳಿಗೆ ನೆರವಾಗಿ ಎಂದು ಅದರಲ್ಲೇ ಕೋರಿಕೆ ಬರೆದಿಟ್ಟಿದ್ದರು. ಹಾಗಾಗಿ ಇವಳ ಎಡಿಟರಿಗೆ ಪುಣ್ಯವೂ ಉಂಟು. ನನ್ನದಕ್ಕೆ ಇರುವುದು ಟೆಟ್ರಿಸ್.

ವರ್ಷಾನುಗಟ್ಟಲೆ ಕಂಟ್ರೋಲ್ ಕೀಲಿ ಒತ್ತಿ ನನ್ನ ಎಡಗೈ ಕಿರುಬೆರಳು ನೋಯತೊಡಗಿತು. ಇದು ಈಮ್ಯಾಕ್ಸ್ ಭಕ್ತರ ಕುಲರೋಗ. ಮೂಳೆ ಡಾಕ್ಟರು ಬೆರಳನ್ನು ಅತ್ತಿತ್ತ ತಿರುಗಿಸಿ, ಕೊಂಚ ಗೌರವದಿಂದಲೇ, "ವೀಣೆ ನುಡಿಸ್ತೀರಾ?" ಎಂದರು. ನಾನು ಹೌದೆನ್ನುವುದರಲ್ಲಿದ್ದೆ. "ಇಲ್ಲ ಡಾಕ್ಟ್ರೇ, ಹಾಲಿನ ಲೆಕ್ಕ ಬರೀತಾರೆ" ಎಂದಳು ಇವಳು.

ಆದರೆ ಎಡಿಟರ್ ಜಗಳ ಕಾಫಿಯ ಹೊತ್ತಿನದು. ಊಟದ ಹೊತ್ತಿನ ಜಗಳ ಕಂಪೈಲರಿನದು. ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವಂತೆ ಮಾಡಿಕೊಡುವ ತಂತ್ರಾಂಶ ಅದು. ನನ್ನ ಅನ್ನ ಜಿಸಿಸಿಯದು. ಸ್ಟಾಲ್ಮನ್ನರ ಗ್ನು ಯೋಜನೆಯಿಂದ 1987ರಲ್ಲಿ ಹೊರಬಂದ ಕಂಪೈಲರ್. ಇವಳ ಕಂಪನಿ ನೆಚ್ಚಿರುವುದು ಎಲ್‌ಎಲ್‌ವಿಎಂ ಮತ್ತು ಅದರ ಮೇಲೆ ಕಟ್ಟಿದ ಕ್ಲ್ಯಾಂಗನ್ನು. ಗ್ನು ಪರಿಕರಗಳು ಲೋಕಕ್ಕೆ ಉಪಕಾರವೋ ಉಪದ್ರವವೋ ಎಂಬ ಚರ್ಚೆ ನಮ್ಮಲ್ಲಿ ತರಕಾರಿ ಹೆಚ್ಚುವಾಗ ಶುರುವಾಗುತ್ತದೆ. ಪಾತ್ರೆ ತೊಳೆಯುವ ನನ್ನ ಸರದಿ ಬಂದೊಡನೆ ತಾರಕಕ್ಕೇರುತ್ತದೆ.

ಹೀಗಿರುವಾಗ ಮಾವನವರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಅತ್ತೆಯವರ ಜೊತೆ ತಿಪಟೂರಿನಿಂದ ಬಂದರು. ಸಿವಿಲ್ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಟಿವಿ ಬೇಡ, ಪೇಪರ್ ಬೇಡ ಎಂದಿದ್ದರು ಡಾಕ್ಟರು. ಕಪ್ಪು ಕನ್ನಡಕ ಹಾಕಿಕೊಂಡು ಸೋಫಾದಲ್ಲಿ ಕೂತವರಿಗೆ ಉಳಿದದ್ದು ಕಿವಿಯೊಂದು; ಆ ಕಿವಿಗೆ ಬಿದ್ದದ್ದು ನಮ್ಮ ಜಗಳ. ಮೊದಮೊದಲು ಸುಮ್ಮನೆ ಕೇಳಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಹಿಂಗೆ ಇಬ್ಬರೂ ಒಟ್ಟಿಗೆ ಮಾತಾಡಿದ್ರೆ ದಾಖಲು ಮಾಡೋದು ಹೆಂಗೆ? ವಾದಿ ಯಾರು, ಪ್ರತಿವಾದಿ ಯಾರು?" ಎಂದರು.

ಇವಳು ವಾದಿಯಾದಳು. ಗ್ನುವಿನ ಪರ ವಕಾಲತ್ತು ನನ್ನದು. ಗ್ನು ನನ್ನನ್ನು ನೇಮಿಸಿರಲಿಲ್ಲ, ಅದು ಬೇರೆ ಮಾತು. ಇವಳು ಅಪ್ಪನ ಎದುರಿಗೆ ನನ್ನನ್ನು 'ರೀ' ಎನ್ನುತ್ತಾಳೆ, ಅಪ್ಪ ಎದ್ದು ಬಚ್ಚಲುಮನೆಗೆ ಹೋದರೆ ಏಕವಚನ. ಇಡೀ ವಿಚಾರಣೆಯಲ್ಲಿ ನನ್ನ ಪರವಾಗಿ ಆದದ್ದು ಆ ಬಹುವಚನವೊಂದೇ.

"ಮೊದಲು ಹುಟ್ಟಿನ ವಿಚಾರ ಹೇಳಿ ಅಳಿಯಂದ್ರೇ" ಎಂದರು ಮಾವ.

ಹೇಳಿದೆ. 1980ರ ಸುಮಾರಿಗೆ ಎಂಐಟಿಯ ಪ್ರಯೋಗಾಲಯಕ್ಕೆ ಝೆರಾಕ್ಸ್ ಕಂಪನಿಯ ಒಂದು ಲೇಸರ್ ಪ್ರಿಂಟರ್ ಬಂತು. ಪದೇಪದೇ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಹಳೆಯ ಪ್ರಿಂಟರ್ ಹೀಗೆ ಕೆಟ್ಟು ನಿಂತರೆ ಎಲ್ಲರ ಪರದೆಗೂ ಸುದ್ದಿ ಹೋಗುವಂತೆ ಸ್ಟಾಲ್ಮನ್ ಅದರ ಪ್ರೋಗ್ರಾಂ ತಿದ್ದಿದ್ದರು. ಹೊಸದಕ್ಕೂ ಹಾಗೆ ಮಾಡೋಣವೆಂದರೆ ಮೂಲ ಪ್ರೋಗ್ರಾಮೇ ಕೈಗೆ ಸಿಗಲಿಲ್ಲ. ಅದನ್ನು ಇಟ್ಟುಕೊಂಡಿದ್ದ ಇನ್ನೊಂದು ವಿಶ್ವವಿದ್ಯಾಲಯದವರನ್ನು ಕೇಳಿದರೆ, ಕೊಡುವುದಿಲ್ಲವೆಂದು ಕರಾರು ಬರೆದುಕೊಟ್ಟಿದ್ದೇನೆ ಎಂದುಬಿಟ್ಟರು.

"ನಕಲಿಗೆ ಅರ್ಜಿ ಹಾಕಿದ್ರು, ನಕಲು ಸಿಗಲಿಲ್ಲ" ಎಂದು ಮಾವನವರು ದಾಖಲು ಮಾಡಿಕೊಂಡರು. "ನಕಲು ಸಿಗದೆ ಹೋದ ಮನುಷ್ಯ ಯಾವ ಮಟ್ಟಕ್ಕಾದ್ರೂ ಹೋಗ್ತಾನೆ. ನಾನು ಕಣ್ಣಾರೆ ಕಂಡಿದ್ದೀನಿ."

ಇವರು ಹೋದದ್ದೂ ಅಂಥ ಮಟ್ಟಕ್ಕೇ. 1983ರ ಸೆಪ್ಟೆಂಬರ್ 27ರಂದು, ಯುನಿಕ್ಸ್‌ನಂಥ ಇಡೀ ಕಾರ್ಯಾಚರಣ ವ್ಯವಸ್ಥೆಯನ್ನೇ ಬರೆದು, ಯಾರು ಬೇಕಾದರೂ ನಕಲು ಮಾಡಿ ತಿದ್ದಿಕೊಳ್ಳುವಂತೆ ಕೊಡುತ್ತೇನೆ ಎಂದು ಸಾರಿದರು. ಎಂಐಟಿ ನಾಳೆ ಹಕ್ಕು ಕೇಳಬಾರದೆಂದು 1984ರ ಜನವರಿಯಲ್ಲಿ ನೌಕರಿ ಬಿಟ್ಟರು. 1985ರಲ್ಲಿ ಗ್ನು ಈಮ್ಯಾಕ್ಸಿನ ಟೇಪನ್ನು 150 ಡಾಲರಿಗೆ ಕಳಿಸಿಕೊಡುತ್ತಿದ್ದರು.

"ನಕಲು ಶುಲ್ಕ. ಕ್ರಮಬದ್ಧವಾಗೇ ಇದೆ" ಎಂದರು ಮಾವ. "ನೌಕರಿ ಬಿಟ್ಟರು ಅಂದ್ರಲ್ಲ, ಪಿಂಚಣಿ?"

"ಇಲ್ಲ ಮಾವ."

ಮಾವನವರು ಕಪ್ಪು ಕನ್ನಡಕದ ಒಳಗಿಂದಲೇ ಸ್ಟಾಲ್ಮನ್ನರಿಗೆ ಮನಸಾರೆ ಮರುಗಿದರು. ನಾನು ಬಿಸಿ ಆರುವ ಮುಂಚೆ ಮುಂದುವರಿಸಿದೆ: 1986ರಲ್ಲಿ ತಪ್ಪು ಹುಡುಕುವ ಜಿಡಿಬಿ, 1987ರಲ್ಲಿ ಜಿಸಿಸಿ, 1989ರಲ್ಲಿ ಆದೇಶ ನಡೆಸುವ ಬ್ಯಾಷ್; 1990ರಲ್ಲಿ ವ್ಯವಸ್ಥೆಯ ತಿರುಳಾದ ಹರ್ಡ್ ಎಂಬ ಕರ್ನೆಲ್ ಕೆಲಸ ಶುರು.

"ಅದು ಯಾವಾಗ ಮುಗೀತು?"

"ಇನ್ನೂ ನಡೀತಿದೆ."

"1990ರಿಂದ ಬಾಕಿಯೇ?" ಮಾವನವರ ಮುಖದಲ್ಲಿ ಮೊದಲ ಸಲ ತವರಿನ ಕಳೆ ಬಂತು. ಹರ್ಡ್ ಬಾಕಿ ಇರುವಾಗಲೇ 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ಲಿನಕ್ಸ್ ಕರ್ನೆಲ್ ಬರೆದ, ಅದನ್ನು ಕಂಪೈಲ್ ಮಾಡಿದ್ದೂ ಜಿಸಿಸಿಯಿಂದಲೇ, ಇವತ್ತು ಪುಟ್ಟನ ಇಂಟರ್‌ನೆಟ್ಟು, ನಿಮ್ಮ ಬ್ಯಾಂಕು, ಜೇಬಿನ ಆಂಡ್ರಾಯ್ಡ್ ಫೋನು ಎಲ್ಲದರ ಬುಡದಲ್ಲೂ ಆ ಲಿನಕ್ಸ್ ಇದೆ ಎಂದು ನಾನು ಎದೆ ಉಬ್ಬಿಸಿದೆ. ನಾನೇ ಬರೆದಿದ್ದರೂ ಅಷ್ಟು ಉಬ್ಬುತ್ತಿರಲಿಲ್ಲ.

"ವಾದಿಯ ಸಾಕ್ಷ್ಯ" ಎಂದರು ಮಾವ.

ಇವಳು ಸೊಪ್ಪು ಸೋಸುತ್ತಾ ಮೊದಲ ನಿಶಾನೆ ಹಾಜರುಪಡಿಸಿದಳು. "ಅಪ್ಪಾ, ಮೇಕ್ ಅಂತ ಒಂದಿದೆ. ಯಾವ ಫೈಲ್ ಆದಮೇಲೆ ಯಾವುದನ್ನ ಕಂಪೈಲ್ ಮಾಡಬೇಕು ಅಂತ ಅದಕ್ಕೆ ಬರೆದುಕೊಡಬೇಕು. ಆದೇಶದ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು. ಟ್ಯಾಬ್ ಬದಲು ಎಂಟು ಸ್ಪೇಸ್ ಹಾಕಿದ್ರೆ ಕಣ್ಣಿಗೆ ವ್ಯತ್ಯಾಸವೇ ಕಾಣಲ್ಲ. ಅದು ಮಾತ್ರ 'ಮಿಸ್ಸಿಂಗ್ ಸೆಪರೇಟರ್, ಸ್ಟಾಪ್' ಅಂತ ನಿಂತುಬಿಡುತ್ತೆ."

ನಾನು ಆಕ್ಷೇಪಣೆ ಎತ್ತಿದೆ. ಆ ಅಪರಾಧ ನಡೆದದ್ದು 1976ರಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿ. ಮೇಕ್ ಬರೆದ ಸ್ಟುವರ್ಟ್ ಫೆಲ್ಡ್‌ಮನ್‌ರಿಗೆ ಟ್ಯಾಬಿನ ತೊಡಕು ಬೇಗನೇ ತಿಳಿದಿತ್ತು. ಆದರೆ ಅಷ್ಟರಲ್ಲಿ ಹತ್ತು ಹನ್ನೆರಡು ಜನ ಬಳಸಲು ಶುರುಮಾಡಿದ್ದರು, ಅವರಿಗೆ ತೊಂದರೆ ಕೊಡುವುದು ಬೇಡವೆಂದು ಬಿಟ್ಟರಂತೆ. ಯುನಿಕ್ಸಿನಂತೆಯೇ ಇರಬೇಕೆಂದು ಹೊರಟ ಗ್ನು ಅದನ್ನು ಹಾಗೇ ಇಟ್ಟುಕೊಂಡಿತು.

"ಹನ್ನೆರಡು ಜನಕ್ಕೆ ತೊಂದರೆ ಆಗಬಾರದು ಅಂತ ಇಡೀ ಲೋಕಕ್ಕೆ?"

"2010ರ ಗ್ನು ಮೇಕ್‌ನಲ್ಲಿ ಟ್ಯಾಬ್ ಬದಲು ಬೇರೆ ಅಕ್ಷರ ಇಟ್ಟುಕೊಳ್ಳೋ ಅವಕಾಶ ಕೊಟ್ಟಿದ್ದಾರೆ ಮಾವ."

"ನೀವು ಇಟ್ಕೊಂಡಿದ್ದೀರಾ ರೀ?" ಎಂದಳು ಇವಳು.

"ನನಗೆ ಟ್ಯಾಬೇ ಒಗ್ಗಿದೆ" ಎಂದೆ. ಮಾವನವರು ಏನೋ ಬರೆದುಕೊಂಡಂತೆ ಬೆರಳಾಡಿಸಿದರು.

ಎರಡನೆಯ ನಿಶಾನೆ, ಕಾನ್ಫಿಗರ್. ತೊಂಬತ್ತರ ದಶಕದ ಶುರುವಿನಲ್ಲಿ ಸನ್, ಎಚ್‌ಪಿ, ಐಬಿಎಂ, ಡಿಇಸಿ ಹೀಗೆ ಪ್ರತಿಯೊಬ್ಬರ ಯುನಿಕ್ಸೂ ಒಂದೊಂದು ವಕ್ರ. ಒಂದೇ ಪ್ರೋಗ್ರಾಂ ಎಲ್ಲದರ ಮೇಲೂ ಓಡಬೇಕೆಂದು 1991ರಲ್ಲಿ ಡೇವಿಡ್ ಮೆಕೆಂಜಿ ಆಟೋಕಾನ್ಫ್ ಶುರುಮಾಡಿದರು. ಅದು ಹುಟ್ಟಿಸುವ ಸಾವಿರಾರು ಸಾಲಿನ ಸ್ಕ್ರಿಪ್ಟು, ಕೆಲಸಕ್ಕೆ ಮುಂಚೆ ಯಂತ್ರವನ್ನು ಪ್ರಶ್ನೆ ಕೇಳುತ್ತಾ ಹೋಗುತ್ತದೆ: ಆ ಫೈಲ್ ಇದೆಯೇ, ಹೌದು, ಈ ಫೈಲ್ ಇದೆಯೇ, ಹೌದು. ಆ ಯಂತ್ರಗಳು ಗುಜರಿಗೆ ಹೋದವು, ಪ್ರಶ್ನೆಗಳು ಹೋಗಲಿಲ್ಲ. ಡೆನ್ಮಾರ್ಕಿನ ಪೌಲ್ ಹೆನ್ನಿಂಗ್ ಕಾಂಪ್ 2012ರಲ್ಲಿ ಇದನ್ನೇ ಹಿಡಿದು ಝಾಡಿಸಿದರು. ಲಿಬ್‌ಟೂಲ್ ಎಂಬ ಒಂದು ಪರಿಕರದ ಕಾನ್ಫಿಗರ್ ಸ್ಕ್ರಿಪ್ಟೇ 31,085 ಸಾಲು; ಅದು ಹುಡುಕುವ ಕೆಲವು ಫೈಲುಗಳು ಇಲ್ಲದಿದ್ದ ಕಾಲದ ಯಂತ್ರದಲ್ಲಿ ಲಿಬ್‌ಟೂಲನ್ನು ಇಳಿಸುವಷ್ಟು ಜಾಗವೇ ಇರಲಿಲ್ಲ ಎಂಬುದು ಅವರ ಪಾಟೀಸವಾಲು.

"ಅದರಲ್ಲಿ ಇನ್ನೊಂದು ಪ್ರಶ್ನೆ ಬರುತ್ತಪ್ಪ. ಇಲ್ಲಿನ ವಾತಾವರಣದ ಬುದ್ಧಿ ನೆಟ್ಟಗಿದೆಯೇ ಅಂತ ತಾನೇ ಕೇಳಿಕೊಂಡು, ಹೌದು ಅಂತ ತಾನೇ ಹೇಳಿಕೊಳ್ಳುತ್ತೆ. ಎದುರಿಗೆ ಕೂತವರನ್ನ ಮಾತ್ರ ಕೇಳಲ್ಲ" ಎಂದು ಇವಳು ನನ್ನ ಕಡೆ ನೋಡಿದಳು.

ಹೀಗೆ ಯಾರೂ ಓದದ ಸಾಲುಗಳ ರಾಶಿಯಲ್ಲಿ ಕಳ್ಳ ಅಡಗಿದರೆ ಕಾಣುವುದು ಹೇಗೆ? ಇವಳು ಫೈಲು ಕುಗ್ಗಿಸುವ ಎಕ್ಸ್‌ಝಡ್ ಎಂಬ ಪರಿಕರದ 2024ರ ಪ್ರಕರಣ ತೆಗೆದಳು. ಎಕ್ಸ್‌ಝಡ್ ಗ್ನುವಿನ ಆಸ್ತಿಯಲ್ಲ, ಆದರೆ ಅದನ್ನು ಕಟ್ಟುವ ವಿಧಾನ ಗ್ನುವಿನದೇ. ಎಲ್ಲರಿಗೂ ಕಾಣುವ ಕಡತದಲ್ಲಿ ಇಲ್ಲದ ಕೆಲವು ಸಾಲುಗಳನ್ನು, ಬಿಡುಗಡೆಯಾದ ಕಟ್ಟಿನೊಳಗಿನ ಒಂದು ಆಟೋಕಾನ್ಫ್ ಫೈಲಿನಲ್ಲಿ ಸೇರಿಸಿ ಹಿಂಬಾಗಿಲು ಕೊರೆಯಲಾಗಿತ್ತು. ದೂರದ ಯಂತ್ರಕ್ಕೆ ಲಾಗಿನ್ ಆಗುವುದು ಅರ್ಧ ಸೆಕೆಂಡು ತಡವಾಗುತ್ತಿದೆ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನುಹತ್ತಿದ್ದರಿಂದ ಮಾರ್ಚ್ 29ರಂದು ಅದು ಬಯಲಾಯಿತು. ಅರ್ಧ ಸೆಕೆಂಡಿಗೆ ಅನುಮಾನಪಟ್ಟವರ ಬಗ್ಗೆ ಮಾವನವರಿಗೆ ಅಪಾರ ಗೌರವ ಹುಟ್ಟಿತು. ನಾನು ಪಾತ್ರೆಗೆ ಏಳಲು ಅರ್ಧ ಗಂಟೆ ತಡಮಾಡುವುದನ್ನೂ ಇವಳು ಅದೇ ಉಸಿರಿನಲ್ಲಿ ದಾಖಲು ಮಾಡಿಸಿದಳು.

ಮೂರನೆಯದು ನಡತೆ. ಜಿಸಿಸಿ 1.17ರಲ್ಲಿ 'ಪ್ರಾಗ್ಮಾ' ಎಂಬ ಸಾಲು ಎದುರಾದರೆ ಅದು ಕಂಪೈಲ್ ಮಾಡುವುದನ್ನು ಬಿಟ್ಟು ಯಂತ್ರದಲ್ಲಿ ಹ್ಯಾಕ್ ಅಥವಾ ರೋಗ್ ಎಂಬ ಆಟ ಇದ್ದರೆ ಅದನ್ನು ತೆರೆಯುತ್ತಿತ್ತು. ಅದೂ ಇಲ್ಲದಿದ್ದರೆ ಈಮ್ಯಾಕ್ಸಿನಲ್ಲಿ ಹನೋಯ್ ಗೋಪುರದ ಆಟ. ಆ ಸಾಲು ಕಂಡಾಗ ಏನು ಮಾಡಬೇಕೆಂಬುದನ್ನು ನಿಯಮ ಬರೆದವರು ಕಂಪೈಲರಿನ ಇಚ್ಛೆಗೇ ಬಿಟ್ಟಿದ್ದರು, ಅದಕ್ಕೆ ಸ್ಟಾಲ್ಮನ್ ಹೀಗೆ ಚುಡಾಯಿಸಿದರು. ಇದನ್ನು ದೋಷವೆಂದು ತೋರಿಸಹೋಗಿ ಇವಳಿಗೇ ತಿರುಗುಬಾಣವಾಯಿತು. ಮಾವನವರು ಕಣ್ಣಿಗೆ ನೀರು ಬರುವಂತೆ ನಕ್ಕರು. ಅತ್ತೆಯವರು ಅಡುಗೆಮನೆಯಿಂದ, "ಆಪರೇಷನ್ ಆಗಿರೋ ಕಣ್ಣು!" ಎಂದು ಗದರಿದರು.

ನನ್ನ ಸರದಿ ಬಂತು. ನಾನು ಬಹುಕಾಲದಿಂದ ಕಾಪಿಟ್ಟಿದ್ದ ಸಾಕ್ಷ್ಯ ತೆಗೆದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬಾರ್ಟನ್ ಮಿಲ್ಲರ್ ತಂಡ ಯುನಿಕ್ಸ್ ಪರಿಕರಗಳಿಗೆ ತಲೆಬುಡವಿಲ್ಲದ ಅಕ್ಷರಗಳನ್ನು ತಿನ್ನಿಸಿ, ಯಾವುದು ಕುಸಿದು ಬೀಳುತ್ತದೆ ಎಂದು ಪರೀಕ್ಷಿಸಿತ್ತು. 1995ರ ಅವರ ಎರಡನೆಯ ವರದಿಯಲ್ಲಿ ದೊಡ್ಡದೊಡ್ಡ ಕಂಪನಿಗಳ ಪರಿಕರಗಳಲ್ಲಿ ಶೇಕಡಾ 15ರಿಂದ 43ರಷ್ಟು ಮಕಾಡೆ ಮಲಗಿದವು. ಬಿಟ್ಟಿ ಸಿಗುವ ಗ್ನು ಪರಿಕರಗಳಲ್ಲಿ ಬಿದ್ದದ್ದು ಶೇಕಡಾ 7ರ ಆಸುಪಾಸು, ಎಲ್ಲರಿಗಿಂತ ಕಡಿಮೆ.

"ಇದು ಗಟ್ಟಿ ದಾಖಲೆ" ಎಂದರು ಮಾವ. ನಾನು ಕಾಲು ಚಾಚಿದೆ.

"ಬೀಳಲ್ಲ, ನಿಜ" ಎಂದಳು ಇವಳು. "ಆದ್ರೆ ನಾವು ತಪ್ಪಿದ್ರೆ ಎಲ್ಲಿ ತಪ್ಪಿದ್ವಿ ಅಂತ ಮನುಷ್ಯರ ಹಾಗೆ ಹೇಳಲ್ಲ. ಒಂದು ಚುಕ್ಕೆ ಬಿಟ್ಟರೆ ಪುಟಗಟ್ಟಲೆ ಬೈಗುಳ. ತಪ್ಪಾದ ಜಾಗ ಬೊಟ್ಟು ಮಾಡಿ ತೋರಿಸೋದನ್ನ ಕ್ಲ್ಯಾಂಗ್ ಕಲಿಸಿತು. ಅದನ್ನ ನೋಡಿ ಇವರ ಜಿಸಿಸಿಯೂ 2013ರಲ್ಲಿ ನಾಲಿಗೆ ಸ್ವಲ್ಪ ತಿದ್ದಿಕೊಂಡಿತು."

"ಈ ಕ್ಲ್ಯಾಂಗ್ ಯಾರ ಕಡೆಯದು? ಯಾಕೆ ಬೇರೆ ಆಯ್ತು?" ಎಂದು ಮಾವನವರು ನೆಟ್ಟಗೆ ಕೂತರು. ಪಾಲುದಾವೆಯ ವಾಸನೆ ಅವರಿಗೆ ಕಣ್ಣು ಮುಚ್ಚಿದ್ದರೂ ಗೊತ್ತಾಗುತ್ತದೆ. ಅಲ್ಲಿಂದಾಚೆಗೆ ಅವರಿಗೆ ಗ್ನು ಎಂದರೆ ಒಂದು ಅವಿಭಕ್ತ ಕುಟುಂಬ, ಸ್ಟಾಲ್ಮನ್ ಅದರ ಹಟಮಾರಿ ಯಜಮಾನ.

ಪಾಲು ಎರಡು ಸಲ ಆಗಿದೆ. ತೊಂಬತ್ತರ ದಶಕದಲ್ಲಿ ಜಿಸಿಸಿಯ ಬೀಗದಕೈ ಕೆಲವೇ ಜನರ ಸೊಂಟದಲ್ಲಿತ್ತು. ಹೊಸಬರು ತಿದ್ದುಪಡಿ ತಂದರೆ ಅದು ಸೇರಲು ಯುಗ ಹಿಡಿಯುತ್ತಿತ್ತು. ಬೇಸತ್ತವರು 1997ರಲ್ಲಿ ಅದೇ ಪ್ರೋಗ್ರಾಮಿನ ನಕಲು ತೆಗೆದುಕೊಂಡು ಇಜಿಸಿಎಸ್ ಎಂಬ ಹೆಸರಿನಲ್ಲಿ ಬೇರೆ ಒಲೆ ಹೂಡಿದರು. ಅವರ ಕೆಲಸ ಎಷ್ಟು ಚುರುಕಾಗಿತ್ತೆಂದರೆ 1999ರ ಏಪ್ರಿಲ್‌ನಲ್ಲಿ ಹಿರಿಯ ಮನೆಯವರು ತಮ್ಮ ಒಲೆ ಆರಿಸಿ, ಇವರದ್ದೇ ಇನ್ನು ಅಧಿಕೃತ ಜಿಸಿಸಿ ಎಂದರು. "ಬೇರೆ ಹೋದ ಮಗನನ್ನೇ ಕರೆದು ಯಜಮಾನಿಕೆ ಕೊಟ್ಟರಾ! ಇಂಥ ರಾಜಿ ನನ್ನ ಸರ್ವಿಸಿನಲ್ಲೇ ಕಂಡಿಲ್ಲ" ಎಂದರು ಮಾವ.

ಎರಡನೆಯ ಪಾಲು ಹೀಗೆ ಸುಖವಾಗಿ ಮುಗಿಯಲಿಲ್ಲ. ಜಿಸಿಸಿಯ ಒಳಗಿನ ಕೋಣೆಗಳನ್ನು ಸ್ಟಾಲ್ಮನ್ ಬೇಕೆಂದೇ ಮುಚ್ಚಿಟ್ಟಿದ್ದರು. ಪ್ರೋಗ್ರಾಂ ಯಂತ್ರಭಾಷೆಯಾಗುವ ಮುಂಚಿನ ನಡುವಿನ ರೂಪವನ್ನು ಹೊರಗೆ ಕೊಟ್ಟರೆ ಕಂಪನಿಗಳು ಅರ್ಧ ಕೆಲಸ ಇದರಿಂದ ಮಾಡಿಸಿಕೊಂಡು, ಉಳಿದರ್ಧವನ್ನು ಗುಟ್ಟಾಗಿ ಅಂಟಿಸಿ ಮಾರುತ್ತಾರೆ ಎಂಬ ಭಯ. ಭಯ ಪೊಳ್ಳೇನೂ ಅಲ್ಲ: ನೆಕ್ಸ್ಟ್ ಕಂಪನಿ ತನ್ನ ಆಬ್ಜೆಕ್ಟಿವ್-ಸಿ ಭಾಗವನ್ನು ಹಾಗೆಯೇ ಮುಚ್ಚಿಡಲು ನೋಡಿ, ಗ್ನು ಪರವಾನಗಿಯ ದೆಸೆಯಿಂದ ಬಿಚ್ಚಿಡಬೇಕಾಗಿ ಬಂದಿತ್ತು. ಆದರೆ ಕಳ್ಳರಿಗೆ ಹಾಕಿದ ಚಿಲಕ ಮನೆಮಂದಿಗೂ ತಾಗಿತು. ಒಳಗೆ ಹೊಸ ಪ್ರಯೋಗ ಮಾಡಬೇಕೆಂದವರಿಗೆ ಜಾಗವಿಲ್ಲ. ಹೊರಗಿನ ಪ್ಲಗಿನ್‌ಗಳಿಗೆ ಜಿಸಿಸಿ ಬಾಗಿಲು ತೆಗೆದದ್ದು 2010ರಲ್ಲಿ. ಅಷ್ಟರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ವಿಕ್ರಮ್ ಆಡ್ವೆ ಮತ್ತು ಅವರ ಶಿಷ್ಯ ಕ್ರಿಸ್ ಲ್ಯಾಟ್ನರ್ 2000ದಲ್ಲೇ ಎಲ್‌ಎಲ್‌ವಿಎಂ ಶುರುಮಾಡಿದ್ದರು, ಎಲ್ಲ ಕೋಣೆಗಳೂ ತೆರೆದೇ ಇದ್ದ ಕಟ್ಟಡ.

"ಕೇಳಪ್ಪ" ಎಂದಳು ಇವಳು, "2005ರಲ್ಲಿ ಲ್ಯಾಟ್ನರ್ ಪತ್ರ ಬರೆದು, ಇದನ್ನ ಜಿಸಿಸಿಗೇ ಸೇರಿಸಿಕೊಳ್ಳಿ, ಹಕ್ಕನ್ನೂ ನಿಮಗೇ ಬರೆದುಕೊಡ್ತೀವಿ ಅಂದಿದ್ರು."

"ಆಮೇಲೆ?"

"ಸ್ಟಾಲ್ಮನ್ ಆ ಪತ್ರ ನೋಡಲೇ ಇಲ್ಲ. 2014ರಲ್ಲಿ ಎಲ್‌ಎಲ್‌ವಿಎಂ ಬಂದದ್ದೇ ದೊಡ್ಡ ಹಿನ್ನಡೆ ಅಂತ ಹೇಳಿಕೊಂಡಿದ್ರು. ಮರುವರ್ಷ ಯಾರೋ ಈ ಹಳೇ ಪತ್ರ ತೋರಿಸಿದಾಗ, ಆಗಲೇ ಒಪ್ಪಿಕೊಳ್ಳಬೇಕಿತ್ತು ಅಂತ ಮರುಗಿದ್ರು."

ಮಾವನವರು ತಡೆದುಕೊಳ್ಳಲಾರದೆ ತೊಡೆ ತಟ್ಟಿಕೊಂಡರು. "ರಿಜಿಸ್ಟರ್ಡ್ ಪೋಸ್ಟ್ ವಿತ್ ಅಕ್ನಾಲೆಜ್‌ಮೆಂಟ್! ಇದಕ್ಕೇ ಕಣಮ್ಮ ನಾನು ಬಡ್ಕೊಳೋದು. ಒಂದು ಸ್ವೀಕೃತಿ ಕಾರ್ಡು ಇದ್ದಿದ್ರೆ ಮನೆ ಒಡೀತಿರಲಿಲ್ಲ."

ತೀರ್ಪಿಗೆ ಮುಂಚೆ ನ್ಯಾಯಾಲಯ ಸ್ವಯಂಪ್ರೇರಿತವಾಗಿ ಒಂದು ಪ್ರಶ್ನೆ ಕೇಳಿತು. "ಯಾರು ಬೇಕಾದ್ರೂ ತಿದ್ದಬಹುದಾದ ಆಸ್ತಿ ಅಂದ್ರಿ. ಈ ಮನೇಲಿ ಯಾರಾದ್ರೂ ತಿದ್ದಿದ್ದೀರಾ?"

ನಾನು ನನ್ನ ಸೇವೆಯ ಪಟ್ಟಿ ಒಪ್ಪಿಸಿದೆ. ಗ್ನು ಮೃಗದ ತಲೆಯಿರುವ ಟೀ ಶರ್ಟು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಸ್ಟಿಕ್ಕರು. ಆಫೀಸಿನ ಹುಡುಗರು ಬೇರೆ ಎಡಿಟರ್ ತೆರೆದರೆ ಮಾಡುವ ಪ್ರವಚನ. ಸ್ವತಂತ್ರ ತಂತ್ರಾಂಶದ ಭಕ್ತಿಗಾಗಿ ಮನೆಯ ಪ್ರಿಂಟರನ್ನು ಅದರ ಕಂಪನಿ ಕೊಟ್ಟ ಡ್ರೈವರ್ ಹಾಕದೆ ಇಟ್ಟಿರುವುದು. ಇದರಿಂದ ಪುಟ್ಟನ ಪ್ರಾಜೆಕ್ಟುಗಳೆಲ್ಲ ಮೂಲೆಯ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಆಗುತ್ತವೆ.

"ತಿದ್ದಿದ್ದು?"

"ತಿದ್ದುವ ಸ್ವಾತಂತ್ರ್ಯ ಇದೆಯಲ್ಲ ಮಾವ, ಅದೇ ಮುಖ್ಯ."

"ನೀನೇನಮ್ಮ?"

ಇವಳು ಸೊಪ್ಪಿನ ಕಡ್ಡಿಗಳನ್ನು ಒಟ್ಟುಮಾಡುತ್ತಾ, ದೊಡ್ಡ ಸಂಗತಿಯೇನೂ ಅಲ್ಲವೆಂಬಂತೆ ಹೇಳಿದಳು: ಒಂದು ರಾತ್ರಿ ಜಿಸಿಸಿಯನ್ನು ಬೈಯುತ್ತಾ ಕೂತಿದ್ದಾಗ ಅದರ ಕೈಪಿಡಿಯ ಒಂದು ಉದಾಹರಣೆ ತಪ್ಪಾಗಿರುವುದು ಕಂಡಿತಂತೆ, ಒಂದು ಎಚ್ಚರಿಕೆಯ ವಾಕ್ಯವೂ ಅಪಾರ್ಥವಾಗುವಂತಿತ್ತಂತೆ. ಎರಡನ್ನೂ ಸರಿಮಾಡಿ ಕಳಿಸಿದಳಂತೆ. ಅವರು ಸೇರಿಸಿಕೊಂಡರಂತೆ.

"ಹಕ್ಕುಪತ್ರ ಬರೆದುಕೊಟ್ಟೆಯಾ? ಸ್ಟಾಂಪ್ ಪೇಪರ್ ಎಷ್ಟರದ್ದು?"

"ಮುಂಚೆ ಬರೆದುಕೊಡಬೇಕಿತ್ತಪ್ಪ. 2021ರಿಂದ ಜಿಸಿಸಿಗೆ ಅದು ಕಡ್ಡಾಯ ಅಲ್ಲ."

ಸ್ಟಾಂಪ್ ಪೇಪರ್ ಇಲ್ಲದ್ದಕ್ಕೆ ಮಾವನವರು ಕ್ಷಣಕಾಲ ಕಳೆಗುಂದಿದರು. ನಾನು ಇವಳನ್ನೇ ನೋಡುತ್ತಿದ್ದೆ. ನನ್ನ ಇಷ್ಟದೇವತೆಯ ಗರ್ಭಗುಡಿಗೆ, ದಿನಾ ಅದನ್ನು ಬೈಯುವವಳು ಹೋಗಿ ದೀಪದ ಬತ್ತಿ ಸರಿಮಾಡಿ ಬಂದಿದ್ದಳು. ನಾನು ಹೊರಗೆ ಗಂಟೆ ಬಾರಿಸುತ್ತಿದ್ದೆ.

ತೀರ್ಪು ಹೊರಬಿತ್ತು. "ಒಂದು, ಈ ಗ್ನು ಆಸ್ತಿ ಗಟ್ಟಿ ಇದೆ, ಬುನಾದಿ ಚೆನ್ನಾಗಿದೆ. ಬಾಗಿಲು ಕಿಟಕಿ ಕಟ್ಟಿದವನಿಗೆ ಮನುಷ್ಯರು ಓಡಾಡೋ ಅಂದಾಜಿರಲಿಲ್ಲ. ಎರಡು, ಇಷ್ಟು ವರ್ಷ ಇದನ್ನ ಉಳಿಸಿದೋರು ಹೊಗಳಿದೋರಲ್ಲ. ಬೈದೋರು, ಬೇರೆ ಹೋದೋರು, ಪೈಪೋಟಿಗೆ ನಿಂತೋರು. ಬೈಯೋದಕ್ಕೂ ತಿದ್ದೋದಕ್ಕೂ ಹಕ್ಕು ಬರೆದುಕೊಟ್ಟ ಯಜಮಾನ ಎಷ್ಟೇ ಹಟಮಾರಿ ಆದ್ರೂ ಅದೊಂದು ಕೆಲಸಕ್ಕೆ ಅವನಿಗೆ ಕೈಮುಗೀಬೇಕು. ಮೂರು," ಎಂದು ಮಾವನವರು ನನ್ನ ದನಿ ಬಂದ ದಿಕ್ಕಿಗೆ ತಿರುಗಿ, "ಅಳಿಯಂದ್ರೇ, ಕ್ಷಮಿಸಬೇಕು, ಈ ದಾವೆಯಲ್ಲಿ ವಾದ ಮಾಡೋದಕ್ಕೆ ನಿಮಗೆ ಹಕ್ಕೇ ಇಲ್ಲ. ನೀವು ವಾರಸುದಾರರಲ್ಲ, ಜಗಲಿ ಮೇಲಿನ ನೆಂಟರು. ಖರ್ಚಿನ ಬಾಬ್ತು, ಪ್ರತಿವಾದಿ ಪರ ವಕೀಲರು ಒಂದು ತಿಂಗಳು ಪಾತ್ರೆ ತೊಳೆಯತಕ್ಕದ್ದು."

ನಾನು ಮೇಲ್ಮನವಿಗೆ ಅಡುಗೆಮನೆಗೆ ಹೋದೆ. ಅತ್ತೆಯವರು ಒಗ್ಗರಣೆಯಿಂದ ಕಣ್ಣು ತೆಗೆಯದೆ, "ಇವರು ಕೊಟ್ಟ ತೀರ್ಪು ನಮ್ಮನೇಲಿ ಯಾವತ್ತಪ್ಪ ಜಾರಿಯಾಗಿದೆ? ನೀವೇನೂ ತಲೆ ಕೆಡಿಸ್ಕೋಬೇಡಿ" ಎಂದು ಸ್ಥಳದಲ್ಲೇ ತಡೆಯಾಜ್ಞೆ ಕೊಟ್ಟರು. ನಾನು ಗೆದ್ದವನಂತೆ ನಡುಮನೆಗೆ ಹೊರಟೆ. ಅಷ್ಟರಲ್ಲಿ ಬಚ್ಚಲುಮನೆಯ ಬಾಗಿಲು ಹಾಕಿಕೊಂಡ ಸದ್ದಾಯಿತು. ಮಾವನವರು ಒಳಗೆ ಹೋಗಿದ್ದರು. ಇವಳು ಸ್ಕ್ರಬ್ಬರನ್ನು ನನ್ನ ಕೈಗಿಟ್ಟು ಹೇಳಿದಳು:

"ತಡೆಯಾಜ್ಞೆ ಒಂದು ಮತ್ತು ಎರಡಕ್ಕೆ. ಮೂರನೇದು ಶುರುಮಾಡು. ಕುಕ್ಕರ್ ಮುಚ್ಚಳದ ಗ್ಯಾಸ್ಕೆಟ್ ತೆಗೆದು ತೊಳಿ."